ಗಾಲಿಯ ಮೇಲಿನ ಗುರುಕುಲ

ನಮ್ಮ ತಂದೆಯವರ ತಗಡಿನ ಟ್ರಂಕಿಗೆ ನಾನು ಬೀಗ ಹಾಕಿದುದು ಯುಗಾದಿಯ ಮರುದಿನ. ಅವರು ನಾಟಕದ ಮಾಸ್ತರರು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಜಾತ್ರೆಯ ನಾಟಕ ಕಲಿಸುತ್ತ, ಪೇಟಿ ನುಡಿಸುತ್ತ ನಲವತ್ತು ವರ್ಷ ತಿರುಗಿದವರು. ಸುಗ್ಗಿ ಮುಗಿದೊಡನೆ ಆ ಟ್ರಂಕು ಬಸ್ಸಿನ ಮೇಲೇರುತ್ತಿತ್ತು. ಮಳೆಗಾಲ ಹಿಡಿದಾಗ ಮನೆಗೆ ಮರಳುತ್ತಿತ್ತು. ಎರಡು ಧೋತರ, ತಾಳದ ಜೋಡಿ, ಬಣ್ಣ ಮಾಸಿದ ನಾಟಕದ ಪ್ರತಿಗಳು, ಔಷಧದ ಡಬ್ಬಿ—ಇಷ್ಟೇ ಅದರ ಸಂಸಾರ. ನಾವು ಮಕ್ಕಳು ಬೆಳೆದ ಮನೆ ನಮಗೆ ಮನೆಯಾಗಿದ್ದಿತೇ ಹೊರತು ಅವರಿಗೆ ಮುಕ್ಕಾಮಾಗಿತ್ತು. ಅವರ ನಿಜವಾದ ಮನೆ ಆ ಟ್ರಂಕೇ.

ಈಗ ಅವರಿಗೆ ಎಪ್ಪತ್ತು ದಾಟಿದೆ. ಮೊಣಕಾಲು ಮಡಿಯುವುದಿಲ್ಲ. ಕಣ್ಣಿನೊಳಗಿನ ಒತ್ತಡದ ರೋಗದಿಂದ ಇಕ್ಕೆಲದ ನೋಟ ಕುಗ್ಗಿ, ಎದುರಿಗಿದ್ದುದು ಮಾತ್ರ ಕೊಳವೆಯೊಳಗಿಂದ ಕಂಡಂತೆ ಕಾಣುತ್ತದೆ. ಹಿರೇಕೆರೂರಿನ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿಯ ತಾಲೀಮು ಮುಗಿಸಿ ಇಳಿಯುವಾಗ ಕಟ್ಟೆಯ ಮೆಟ್ಟಿಲು ಕಾಣದೆ ಬಿದ್ದರು. ಎಲುಬು ಮುರಿಯಲಿಲ್ಲವೆಂಬುದು ದೈವಕೃಪೆ. ಹಬ್ಬಕ್ಕೆ ಮನೆಗೆ ಬಂದವರನ್ನು ನಾನು ಮತ್ತೆ ಹೊರಡಗೊಡಲಿಲ್ಲ. ಮಗನ ಕರ್ತವ್ಯವೆಂದು ತಿಳಿದು ಬೀಗ ಹಾಕಿ ಕೀಲಿಯನ್ನು ನನ್ನ ಮೇಜಿನಲ್ಲಿಟ್ಟುಕೊಂಡೆ. ಅವರು ಏನೂ ಅನ್ನಲಿಲ್ಲ. ಅಂದಿನಿಂದ ಪೇಟಿಯನ್ನೂ ಮುಟ್ಟಲಿಲ್ಲ.

ಆ ದಿನಗಳಲ್ಲಿಯೇ ಕಾಲೇಜಿನ ಕನ್ನಡ ಸಂಘಕ್ಕಾಗಿ ಗಾನಯೋಗಿ ಪಂಚಾಕ್ಷರ ಗವಾಯಿಗಳವರ ಜೀವನವನ್ನು ಕುರಿತು ಒಂದು ಉಪನ್ಯಾಸ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಚರಿತ್ರೆಯನ್ನು ಭಕ್ತಿಯಿಂದ ಹಿಂದೆಯೂ ಓದಿದ್ದೆ. ಈ ಸಲ ಓದಿದುದು ಬೇರೊಂದು ಕಣ್ಣಿನಿಂದ. ತಿರುಗುವುದೇ ಬಾಳಾದ ಮನುಷ್ಯನು ಮೈ ದಣಿಯುತ್ತ ಬಂದಾಗ ಏನು ಮಾಡಬೇಕು? ನನ್ನ ಮೇಜಿನಲ್ಲಿದ್ದ ಕೀಲಿ ಆ ಪ್ರಶ್ನೆಯನ್ನು ದಿನವೂ ಕೇಳುತ್ತಿತ್ತು.

ಗವಾಯಿಗಳವರು ಹುಟ್ಟಿದುದು 1892ರ ಫೆಬ್ರುವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅಂದು ಅದು ಧಾರವಾಡ ಜಿಲ್ಲೆ. 1997ರಿಂದೀಚೆಗೆ ಹಾವೇರಿ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಚರಂತಿಮಠದ ಬಡ ಮನೆತನ. ಮಗುವಿಗಿಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸವಯ್ಯನಂತೆ ತಮ್ಮನೂ ಹುಟ್ಟುಗುರುಡ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಗಂಡುಮಕ್ಕಳು. ಕೈಯಲ್ಲಿ ಹೊಲವಿಲ್ಲ, ಹಣವಿಲ್ಲ. ಅಂದಿನ ಹಳ್ಳಿಯಲ್ಲಿ ಅಂಥ ಮಕ್ಕಳಿಗೆ ಉಳಿದಿದ್ದ ದಾರಿ ಜೋಳಿಗೆಯೊಂದೇ. ಆದರೆ ಇಬ್ಬರಿಗೂ ಕಂಠವಿತ್ತು, ಕೇಳಿದುದನ್ನು ಹಿಡಿದಿಡುವ ಕಿವಿಯಿತ್ತು.

ಆ ಕಂಠವನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರು. 1904ರಲ್ಲಿ ವೀರಶೈವ ಮಹಾಸಭೆಯ ಹುಟ್ಟಿಗೆ ಕಾರಣರಾದವರು, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಅವರೇ. ಮಕ್ಕಳ ಹಾಡಿಕೆಯನ್ನು ಕೇಳಿ ಕಾಸು ಕೊಟ್ಟು ಕಳಿಸುವುದು ಸುಲಭವಾಗಿತ್ತು. ಸ್ವಾಮಿಗಳವರು ಹಾಗೆ ಮಾಡದೆ ಅವರ ಶಿಕ್ಷಣದ ಹೊಣೆಯನ್ನೇ ಹೊತ್ತರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಮುಂದೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನು ಕಲಿತರು. ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದ ನೀಲಕಂಠಬುವಾ ಇವರೇ. ಎರಡೂ ಪದ್ಧತಿಗಳಲ್ಲಿ ಸಮನಾದ ಅಧಿಕಾರವುಳ್ಳವರು ಅಂದೂ ವಿರಳ, ಇಂದೂ ವಿರಳ. ಹೀಗೆ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಉಭಯಗಾನವಿಶಾರದರೆಂದು ಹೆಸರು ಗಳಿಸಿದರು.

ಅಂಥ ವಿದ್ವತ್ತಿಗೆ ಸಂಸ್ಥಾನಗಳ ಆಶ್ರಯವೂ ಶ್ರೀಮಂತರ ದಿವಾನಖಾನೆಯ ಬೈಠಕ್ಕೂ ಒದಗುವ ಕಾಲವದು. ಗವಾಯಿಗಳವರು ಆರಿಸಿಕೊಂಡ ದಾರಿ ಬೇರೆ. ಮದುವೆಯನ್ನು ಒಲ್ಲೆನೆಂದರು; ತನ್ನಂತೆ ಕಣ್ಣಿಲ್ಲದವರಿಗೆ, ಅನಾಥರಿಗೆ, ಅಂಗವಿಕಲರಿಗೆ ಸಂಗೀತ ಕಲಿಸಿ ಅವರ ಕೈಗೆ ಭಿಕ್ಷಾಪಾತ್ರೆಯ ಬದಲು ವಿದ್ಯೆಯನ್ನು ಕೊಡುವುದಾಗಿ ಗುರುವಿನ ಮುಂದೆ ವ್ರತ ತೊಟ್ಟರು. ಶಾಲೆಗೆ ಕಟ್ಟಡವಿರಲಿಲ್ಲ, ಅನ್ನಕ್ಕೆ ಉಂಬಳಿಯಿರಲಿಲ್ಲ. ಆದುದರಿಂದ ಶಾಲೆಯೇ ಅನ್ನವಿದ್ದ ಕಡೆಗೆ ನಡೆಯಿತು. ಊರಿಂದೂರಿಗೆ ಹೋಗುವುದು, ಗುಡಿಯಲ್ಲೋ ಮಠದಲ್ಲೋ ಇಳಿಯುವುದು, ಭಕ್ತರು ಕೊಟ್ಟ ಕಾಳುಕಡಿಯಲ್ಲಿ ದಾಸೋಹ ನಡೆಸುವುದು, ಬೆಳಗಿನ ಜಾವಕ್ಕೆ ಪಾಠ, ಸಂಜೆಗೆ ಕೀರ್ತನೆಯೋ ಕಛೇರಿಯೋ. ಅಲ್ಲಿಯ ಋಣ ತೀರಿದೊಡನೆ ಮುಂದಿನ ಊರು. ಸಂಚಾರಿ ಸಂಗೀತ ಪಾಠಶಾಲೆಯೆಂದು ಜನ ಅದನ್ನು ಕರೆದರು.

ತಿರುಗುವ ಶಾಲೆಯೆಂದರೆ ಕೇಳಲು ಇಂಪು. ನಡೆಸುವವರಿಗೆ ಮಾತ್ರ ಅದರ ಭಾರ ಗೊತ್ತು. ತಂಬೂರಿಯ ಬುರುಡೆ ಸೋರೆಕಾಯಿಯದು. ಚಕ್ಕಡಿಯ ಒಂದು ದಡಕಿಗೆ ಬಿರುಕು ಬಿಡುತ್ತದೆ. ಮಳೆಯ ತೇವಕ್ಕೆ ತಬಲೆಯ ಚರ್ಮ ಸಡಿಲವಾಗುತ್ತದೆ. ಬೇಸಗೆಯ ಬಿಸಿಲಿಗೆ ಬಿಗಿಯುತ್ತದೆ. ಪೇಟಿಯೊಳಗೆ ಧೂಳು ಸೇರಿದರೆ ಸ್ವರ ಸಿಕ್ಕಿಕೊಳ್ಳುತ್ತದೆ. ಇದು ವಾದ್ಯಗಳ ಪಾಡಾಯಿತು. ಕಣ್ಣಿಲ್ಲದ ಮಕ್ಕಳ ಪಾಡೇನು? ಕುರುಡನಿಗೆ ಮನೆಯೆಂದರೆ ಎಣಿಸಿಟ್ಟ ಹೆಜ್ಜೆಗಳು. ಹೊಸ್ತಿಲಿಂದ ಕಂಬಕ್ಕೆ ಇಷ್ಟು, ಕಂಬದಿಂದ ಬಾವಿಗೆ ಇಷ್ಟು. ಊರು ಬದಲಾದಂತೆಲ್ಲ ಆ ಎಣಿಕೆ ಅಳಿಸಿಹೋಗುತ್ತದೆ. ಪ್ರತಿಯೊಂದು ಮುಕ್ಕಾಮಿನಲ್ಲಿಯೂ ಮತ್ತೆ ಮೊದಲಿನಿಂದ ಕಲಿಯಬೇಕು. ಇಂಥ ಮಕ್ಕಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ತಿರುಗಿದ ಗುರುವಿಗೂ ಕಣ್ಣಿರಲಿಲ್ಲ. ಎಲ್ಲವೂ ಬದಲಾಗುವ ಆ ಬಾಳಿನಲ್ಲಿ ಬದಲಾಗದೆ ಉಳಿದುದು ಷಡ್ಜವೊಂದೇ. ಶ್ರುತಿ ಹಿಡಿದ ಸ್ಥಳವೇ ಮನೆ ಎಂದು ಆ ಮಕ್ಕಳು ತಿಳಿದಿರಬೇಕು.

ಕಡಲ ನಾಡುಗಳಲ್ಲಿ ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಬಂದರಿನಿಂದ ಬಂದರಿಗೆ ಬಾಳನ್ನೆಲ್ಲ ತೇಲಿಸುವ ಜನರಿದ್ದಾರೆಂದು ಓದಿದ್ದೇನೆ. ಅವರಿಗೂ ವಯಸ್ಸಾಗುತ್ತದೆ. ತೋಳಿನ ಬಲ ಕುಗ್ಗಿದಾಗ ಅವರಲ್ಲಿ ಹಲವರು ದೋಣಿಯನ್ನು ಮಾರಿ ದಡ ಸೇರುವುದಿಲ್ಲವಂತೆ. ದೋಣಿಯನ್ನೇ ತಮ್ಮ ಮೈಗೆ ಹೊಂದಿಸಿಕೊಳ್ಳುತ್ತಾರೆ. ಕೈಯಿಂದ ಎಳೆಯುತ್ತಿದ್ದ ಹಗ್ಗಕ್ಕೆ ವಿದ್ಯುತ್ತಿನ ರಾಟೆ ಬರುತ್ತದೆ. ಹಾಯಿಯ ಹಗ್ಗಗಳೆಲ್ಲ ಚುಕ್ಕಾಣಿಯ ಪಕ್ಕಕ್ಕೆ, ಕುಳಿತಲ್ಲಿಯೇ ಕೈಗೆಟಕುವಂತೆ ಬರುತ್ತವೆ. ಕಡಿದಾದ ಏಣಿಗೆ ಅಗಲ ಮೆಟ್ಟಿಲು, ಗೋಡೆಗೆ ಹಿಡಿಕೆ. ದೊಡ್ಡ ಹಾಯಿಯನ್ನು ಕಿರಿದು ಮಾಡುತ್ತಾರೆ. ದೂರದ ಬಂದರನ್ನು ಬಿಟ್ಟು ಹತ್ತಿರದ ಬಂದರನ್ನು ಆರಿಸುತ್ತಾರೆ. ಇದನ್ನು ಓದಿದಾಗ ವರದೆಯ ಹರಿಗೋಲನ್ನಷ್ಟೇ ಬಲ್ಲ ನನಗೆ ಮೊದಲು ನಗು ಬಂದಿತು. ಗವಾಯಿಗಳವರ ಚರಿತ್ರೆಯ ಉತ್ತರಾರ್ಧಕ್ಕೆ ಬಂದಾಗ ಆ ನಗು ನಿಂತಿತು. ಅವರು ಮಾಡಿದುದೂ ಅದನ್ನೇ ಅಲ್ಲವೇ?

1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ಗವಾಯಿಗಳವರಿಗೆ ಆಗ ಮೂವತ್ತೆಂಟು. ಬೆನ್ನ ಹಿಂದಿನ ಆಸರೆ ಹೋಯಿತು; ಮುಂದಿನ ಮಕ್ಕಳ ಸಂಖ್ಯೆ ಬೆಳೆಯುತ್ತಲೇ ಇತ್ತು. ಮೂವತ್ತೆಂಟು ಮುಪ್ಪಲ್ಲ ನಿಜ. ಆದರೆ ಚಕ್ಕಡಿಯ ಹಾದಿ, ಸಿಕ್ಕಾಗ ಊಟ, ಇಲ್ಲದಾಗ ನೀರು, ನಿದ್ದೆಗೆಟ್ಟ ಕಛೇರಿಗಳು—ಇವು ವರ್ಷವನ್ನು ಎರಡಾಗಿ ಎಣಿಸುತ್ತವೆ. ಅಂಥ ಹೊತ್ತಿನಲ್ಲಿ ಗವಾಯಿಗಳವರು ಒಂದೊಂದಾಗಿ ಮಾಡಿಕೊಂಡ ಮಾರ್ಪಾಡುಗಳನ್ನು ನೋಡಬೇಕು. ಅವರ ಗಾಯನದ ಹಿರಿಮೆಯನ್ನು ಬಲ್ಲವರು ಬಹಳ ಮಂದಿ. ಈ ವಿವೇಕದ ಹಿರಿಮೆಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಮೊದಲನೆಯದು, ದುಡಿಮೆಯ ಭಾರವನ್ನು ತಮ್ಮೊಬ್ಬರ ಕಂಠದಿಂದ ಇಳಿಸಿದುದು. ಒಬ್ಬ ಗವಾಯಿಯ ಕಛೇರಿಯಿಂದ ಹತ್ತಾರು ಬಾಯಿ ತುಂಬಬೇಕಾದರೆ ಆ ಗವಾಯಿಗೆ ನೆಗಡಿಯಾದ ದಿನ ಒಲೆ ಹೊತ್ತುವುದಿಲ್ಲ. ನಾಟಕ ಕಂಪನಿ ಹಾಗಲ್ಲ. ಅದರಲ್ಲಿ ಹಾಡುವವನಿಗೂ ಕೆಲಸವುಂಟು, ಬಾರಿಸುವವನಿಗೂ ಉಂಟು, ಪರದೆಯೆಳೆಯುವವನಿಗೂ ಉಂಟು. ಶಾಲೆಯ ಮಕ್ಕಳನ್ನೇ ಕೂಡಿಸಿ ಕಂಪನಿಯನ್ನು ಕಟ್ಟಿದುದು ಕಲೆಯ ಮೋಹಕ್ಕೆ ಮಾತ್ರವಲ್ಲ. ಅನ್ನದ ಹೊಣೆಯನ್ನು ಹಲವು ಹೆಗಲುಗಳಿಗೆ ಹಂಚುವುದಕ್ಕೆ. ಕಂಪನಿಗಳ ಬಾಳು ಸಾಲದ ಬಾಳೆಂಬುದನ್ನು ಮಾಸ್ತರರ ಮಗನಾದ ನಾನು ಬಲ್ಲೆ. ಮಳೆ ಬಂದರೆ ಮಂಡಪ ಖಾಲಿ, ಮಂಡಪ ಖಾಲಿಯಾದರೆ ಮುಂದಿನ ಊರಿಗೆ ಹೋಗುವ ಬಾಡಿಗೆಯೂ ಇಲ್ಲ. ಆದರೂ ಕುಳಿತು ಬೇಡುವುದಕ್ಕಿಂತ ದುಡಿದು ಸೋಲುವುದು ಮೇಲೆಂಬ ಪಾಠವನ್ನು ಅದು ಆ ಮಕ್ಕಳಿಗೆ ಕಲಿಸಿತು.

ಎರಡನೆಯದು, ಮುಂದಿನ ಆಸನದಿಂದ ಪಕ್ಕದ ಆಸನಕ್ಕೆ ಸರಿದುದು. ಕುಂದಗೋಳದ ಬಳಿಯ ಎಲಿವಾಳದ ಬಾಲಕ ಬಸವರಾಜ ರಾಜಗುರು ಹದಿಮೂರರ ಹರೆಯದಲ್ಲಿ ಗವಾಯಿಗಳವರ ಕಣ್ಣಿಗಲ್ಲ, ಕಿವಿಗೆ ಬಿದ್ದರು. ಅವರೊಡನೆ ಊರೂರು ತಿರುಗುತ್ತಲೇ ವಿದ್ಯೆ ಕಲಿತರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಕನ್ನಡಿಗರೆಲ್ಲ ನೆರೆದ ಆ ವೇದಿಕೆಯ ಮೇಲೆ ಇನ್ನೂ ಇಪ್ಪತ್ತು ತುಂಬದ ರಾಜಗುರು ಹಾಡಿದರು. ಅದು ಅವರ ಮೊದಲ ದೊಡ್ಡ ಕಛೇರಿ. ಅವರಿಗೆ ತಬಲಾ ಸಾಥ್ ನೀಡಿದವರು ಸ್ವತಃ ಪಂಚಾಕ್ಷರ ಗವಾಯಿಗಳವರು.

ಈ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳುವಾಗಲೆಲ್ಲ ಒಂದು ಕ್ಷಣ ನಿಲ್ಲುತ್ತೇನೆ. ಸಂಗೀತದ ಲೋಕದಲ್ಲಿ ಗಾಯಕನ ಸ್ಥಾನವೆಲ್ಲಿ, ಪಕ್ಕವಾದ್ಯದವನ ಸ್ಥಾನವೆಲ್ಲಿ ಎಂಬುದು ಬಲ್ಲವರಿಗೆ ಗೊತ್ತು. ಗುರುಗಳಿಗೆ ಆಗ ನಲವತ್ತನಾಲ್ಕು. ಕಂಠ ಪಕ್ವವಾಗಿ ಮಾಗುವ ಕಾಲ. ಆ ಮಹಾಸಭೆ ಅವರದಾಗಬಹುದಾಗಿತ್ತು. ಅವರು ಅದನ್ನು ಶಿಷ್ಯನಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತವರೂ ಅಲ್ಲ. ಪಕ್ಕದಲ್ಲಿ ಕುಳಿತು ಅವನ ಲಯವನ್ನು ಹಿಡಿದರು. ಇದು ನಿವೃತ್ತಿಯಲ್ಲ. ಚುಕ್ಕಾಣಿಯನ್ನು ಕಿರಿಯನ ಕೈಗಿತ್ತು, ದೋಣಿಯಲ್ಲಿಯೇ ಉಳಿದು, ಗಾಳಿಯನ್ನು ತಿಳಿಸುತ್ತಿರುವುದು.

ಮೂರನೆಯದು, ಲಂಗರು ಹಾಕಿದುದು. ಕೊನೆಗಾಲದಲ್ಲಿ ಗವಾಯಿಗಳವರು ಗದಗಿನಲ್ಲಿ ನೆಲೆನಿಂತರು. ಅಲ್ಲಿಯ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಶಾಲೆಗೆ ನೆಲೆ ದೊರೆಯಿತು; ಅದೇ ವೀರೇಶ್ವರ ಪುಣ್ಯಾಶ್ರಮ. ಗದಗು ಹತ್ತಿಯ ಪೇಟೆ, ರೇಲ್ವೆಯ ಜಂಕ್ಷನ್. ಹುಬ್ಬಳ್ಳಿಯಿಂದ ಬಂದ ದಾರಿ ಅಲ್ಲಿ ಕವಲೊಡೆದು ಒಂದು ಗುಂತಕಲ್ಲಿಗೂ ಇನ್ನೊಂದು ವಿಜಾಪುರದ ಮೇಲೆ ಹೊಟಗಿಗೂ ಹೋಗುತ್ತದೆ. ನಡೆದು ಊರುಗಳನ್ನು ಹುಡುಕುತ್ತಿದ್ದವನಿಗೆ ಊರುಗಳೇ ನಡೆದು ಬರುವಂಥ ಸ್ಥಳ ಅದು. ಕಣ್ಣಿಲ್ಲದ ಮಗುವೊಂದನ್ನು ದೂರದ ರಾಯಚೂರು ಸೀಮೆಯಿಂದ ಕರೆತರುವ ತಂದೆಗೆ, ಈ ತಿಂಗಳು ಗವಾಯಿಗಳ ಬಿಡಾರ ಎಲ್ಲಿದೆಯೆಂದು ಊರೂರು ವಿಚಾರಿಸುವ ಕಷ್ಟ ತಪ್ಪಿತು. ಮಕ್ಕಳಿಗೆ ಕೊನೆಗೂ ಎಣಿಸಿಡಬಹುದಾದ ಹೆಜ್ಜೆಗಳು ದೊರೆತವು. ಚಕ್ಕಡಿಯ ಗಾಲಿ ನಿಂತಿತು. ಆದರೆ ಅದು ಹೊತ್ತು ತಂದಿದ್ದ ದಾಸೋಹ, ಬೆಳಗಿನ ಪಾಠ, ಸಂಜೆಯ ಹಾಡಿಕೆ ಯಾವುದೂ ನಿಲ್ಲಲಿಲ್ಲ. ಇಳಿಸಿದುದು ಗಾಲಿಯನ್ನು ಮಾತ್ರ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ತಾವಿಲ್ಲದ ನಾಳೆಯನ್ನು ಅವರು ಮೊದಲೇ ಸಾಕಿ ಬೆಳೆಸಿದ್ದರು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಮಗುವೊಂದು ವರ್ಷ ತುಂಬುವ ಮೊದಲೇ ತಂದೆತಾಯಿಗಳನ್ನು ಕಳೆದುಕೊಂಡಿತು, ಎಳೆತನದಲ್ಲಿಯೇ ಕಣ್ಣನ್ನೂ ಕಳೆದುಕೊಂಡಿತು. ಸೋದರಮಾವ ಆ ಬಾಲಕನನ್ನು ತಂದು ಗವಾಯಿಗಳವರಿಗೆ ಒಪ್ಪಿಸಿದನು. ಅವರೇ ಪುಟ್ಟರಾಜ ಗವಾಯಿಗಳವರು. ಗುರು ಅವರಿಗೆ ಹಾಡನ್ನು ಮಾತ್ರ ಕಲಿಸಲಿಲ್ಲ; ಹಾರ್ಮೋನಿಯಂ, ತಬಲೆ, ಪಿಟೀಲು ಮುಂತಾಗಿ ಸಿಕ್ಕ ವಾದ್ಯಗಳೆಲ್ಲ ಅವರ ಕೈಗೆ ಒಲಿದವು. ಕಂಪನಿಗೆ ನಾಟಕಗಳು ಬೇಕಾದಾಗ ಪುಟ್ಟರಾಜರೇ ಬರೆದರು. ಶಾಲೆಯೊಂದನ್ನು ನಡೆಸಲು ಏನೇನು ಬೇಕೋ ಅಷ್ಟನ್ನೂ ಶಿಷ್ಯನು ಗುರುವಿನ ಕಣ್ಣೆದುರಿನಲ್ಲಿ—ಕಣ್ಣೆದುರು ಎನ್ನುವುದು ಇಲ್ಲಿ ರೂಢಿಯ ಮಾತಷ್ಟೇ—ಮಾಡಿ ಕಲಿತನು.

1944ರ ಜೂನ್ 11ರಂದು ಪಂಚಾಕ್ಷರ ಗವಾಯಿಗಳವರು ಲಿಂಗೈಕ್ಯರಾದರು. ಐವತ್ತೆರಡು ವರ್ಷದ ಬಾಳು. ಆಶ್ರಮದ ಹೊಣೆ ಮೂವತ್ತು ವರ್ಷದ ಪುಟ್ಟರಾಜರ ಹೆಗಲೇರಿತು. ಕಣ್ಣಿಲ್ಲದವರು ಕಣ್ಣಿಲ್ಲದವರಿಗೆ ಒಪ್ಪಿಸಿದ ಆ ಹೊಣೆ ಮುಂದೆ ಅರವತ್ತಾರು ವರ್ಷ, 2010ರ ಸೆಪ್ಟೆಂಬರ್ 17ರಂದು ಪುಟ್ಟರಾಜರು ಕಣ್ಮರೆಯಾಗುವವರೆಗೆ, ಅದೇ ಕೈಯಲ್ಲಿ ನಡೆಯಿತು. ಆ ವರ್ಷವೇ ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿತ್ತು. ತೊಂಬತ್ತಾರರ ಮುಪ್ಪಿನವರೆಗೆ ಅವರು ಪಾಠವನ್ನು ಬಿಡಲಿಲ್ಲ. ಗುರುವಿಗೆ ದೊರೆಯದ ದೀರ್ಘಾಯುಷ್ಯವನ್ನು ಶಿಷ್ಯನು ಗುರುವಿನ ಕೆಲಸಕ್ಕಾಗಿಯೇ ಬಾಳಿದನೆನ್ನಬೇಕು. 1995ರಲ್ಲಿ ಗವಾಯಿಗಳವರ ಜೀವನ ಚಲನಚಿತ್ರವಾದಾಗ ಅದರ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಹೀಗೆ ಆ ಹೆಸರು ಹಾಡನ್ನೇ ಕೇಳದವರ ಮನೆಗೂ ಹೋಯಿತು.

ಉಪನ್ಯಾಸದ ಹಿಂದಿನ ಭಾನುವಾರ ಕಾಡಶೆಟ್ಟಿಹಳ್ಳಿಗೆ ಹೋಗಬೇಕೆನಿಸಿತು. ಒಬ್ಬನೇ ಹೋಗುವ ಬದಲು ತಂದೆಯವರನ್ನೂ ಕರೆದೆ. ಕೆಲವು ತಿಂಗಳ ಮೇಲೆ ಅವರು ಮನೆಯ ಹೊಸ್ತಿಲು ದಾಟಿದುದು ಅಂದೇ. ಹಾನಗಲ್ಲಿನಲ್ಲಿ ತಾರಕೇಶ್ವರನ ಗುಡಿಗೆ ಹೋಗಿ ಅಲ್ಲಿಯ ತಣ್ಣನೆಯ ಕಂಬಕ್ಕೆ ಕೈಯಿಟ್ಟು ಬಹಳ ಹೊತ್ತು ನಿಂತರು. ದಾರಿಯುದ್ದಕ್ಕೂ, ಈ ಊರಿನಲ್ಲಿ ಯಾವ ನಾಟಕ, ಆ ಊರಿನಲ್ಲಿ ಯಾರ ಪಾತ್ರ, ಸವಣೂರಿನ ದೊಡ್ಡ ಹುಣಸೆಮರಗಳ ಮಠದ ಕಡೆಯಿಂದ ಬರುತ್ತಿದ್ದ ತಬಲೆಯವನು ಎಷ್ಟು ಚೆನ್ನಾಗಿ ಬಾರಿಸುತ್ತಿದ್ದನು ಎಂದು ಹೇಳುತ್ತಲೇ ಇದ್ದರು. ಅವರಿಗೆ ಕಿಟಕಿಯಾಚೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ರಸ್ತೆಯ ತಿರುವಿನಿಂದ, ಬಸ್ಸು ನಿಲ್ಲುವ ಸದ್ದಿನಿಂದ ಅವರು ಊರನ್ನು ಗುರುತಿಸುತ್ತಿದ್ದರು. ನಾನು ಬೀಗ ಹಾಕಿದುದು ಟ್ರಂಕಿಗೆ ಮಾತ್ರವಲ್ಲವೆಂದು ಆಗ ನನಗೆ ತಿಳಿಯಿತು.

ನಾನು ಮಾಡಿದ ತಪ್ಪು ಇಷ್ಟೇ: ಗಾಲಿಯನ್ನು ಇಳಿಸಬೇಕಾದಲ್ಲಿ ಶಾಲೆಯನ್ನೇ ನಿಲ್ಲಿಸಿದ್ದೆ. ಅವರ ಮೈಗೆ ತಕ್ಕಂತೆ ಬಂಡಿಯನ್ನು ಬದಲಿಸುವುದು ನನ್ನ ಕೆಲಸವಾಗಿತ್ತು. ಪ್ರಯಾಣ ಮುಗಿಯಿತೆಂದು ತೀರ್ಪು ಕೊಡುವುದು ನನ್ನದಾಗಿರಲಿಲ್ಲ.

ಮರಳಿ ಬಂದ ಮೇಲೆ ಬಡಿಗನನ್ನು ಕರೆಸಿ ಪೇಟಿಗೆ ಎತ್ತರದ ಮಣೆ ಮಾಡಿಸಿದೆವು. ಈಗ ಅವರು ಮೊಣಕಾಲು ಮಡಿಸದೆ ಕುರ್ಚಿಯ ಮೇಲೆ ಕುಳಿತೇ ನುಡಿಸಬಹುದು. ಪಡಸಾಲೆಯಿಂದ ಹಿತ್ತಿಲಿನವರೆಗೆ ಗೋಡೆಗುಂಟ ಸೊಂಟದೆತ್ತರಕ್ಕೆ ಹಗ್ಗ ಬಿಗಿದೆವು. ಮೆಟ್ಟಿಲುಗಳ ಅಂಚಿಗೆ ಬಿಳಿಯ ಬಣ್ಣ ಬಂದಿತು. ನಾಟಕದ ಪ್ರತಿಗಳನ್ನು ನನ್ನ ಮಗಳು ದಪ್ಪ ಅಕ್ಷರಗಳಲ್ಲಿ ಬರೆದುಕೊಡುತ್ತಿದ್ದಾಳೆ. ಶಿಗ್ಗಾವಿಯ ಕಡೆಯ ಇಬ್ಬರು ಹುಡುಗರು ಭಾನುವಾರ ಭಾನುವಾರ ಮನೆಗೆ ಬಂದು ರಂಗಗೀತೆ ಕಲಿಯುತ್ತಾರೆ. ಜಾತ್ರೆಯ ಕಾಲದಲ್ಲಿ ಹತ್ತಿರದ ಒಂದೋ ಎರಡೋ ಊರಿಗೆ ತಂದೆಯವರು ಹೋಗುವುದುಂಟು. ಅಲ್ಲಿ ಪೇಟಿಯ ಮುಂದೆ ಕೂರುವವನು ಆ ಹುಡುಗರಲ್ಲಿ ಹಿರಿಯನು. ತಂದೆಯವರು ಪಕ್ಕದಲ್ಲಿ ಕುಳಿತು ತಾಳ ಹಿಡಿಯುತ್ತಾರೆ. ಮೊದಲ ಸಲ ಹಾಗೆ ಕೂರುವುದು ಅವರಿಗೆ ಸುಲಭವಾಗಿರಲಿಲ್ಲ. ತಾಳ ಹಾಕುತ್ತಿದ್ದ ಕೈ ನಡುನಡುವೆ ಪೇಟಿಯ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದುದನ್ನು ನಾನು ಕಂಡೆ. ಎರಡನೆಯ ನಾಟಕದ ಹೊತ್ತಿಗೆ ಆ ಕೈ ತಾಳದ ಮೇಲೆಯೇ ನಿಂತಿತು.

ಉಪನ್ಯಾಸದ ದಿನ ವಿದ್ಯಾರ್ಥಿಗಳಿಗೆ ನಾನು ಹಂಪೆಯ ಆ ಸಂಜೆಯನ್ನು ಹೇಳಿದೆ. ತಂದೆಯವರು ಕೊನೆಯ ಸಾಲಿನಲ್ಲಿ ಕುಳಿತು ಕೇಳುತ್ತಿದ್ದರು. ಟ್ರಂಕಿನ ಕೀಲಿ ಈಗ ನನ್ನ ಮೇಜಿನಲ್ಲಿಲ್ಲ, ಅವರ ಉಡಿದಾರದಲ್ಲಿದೆ.